ಎಂಟು ಗ್ರಾಂ

ಮೇಜಿನ ಈಚೆ ನಾವು ಮೂವರು, ಆಚೆ ಅವಳೊಬ್ಬಳು.
ನಡುವೆ ಒಂದು ಜಗ್ ನೀರು, ಯಾರೂ ಮುಟ್ಟದ್ದು.
ಕಿಟಕಿಯ ತುಂಬ ಡುಲೂತಿನ ಸರೋವರ,
ಮಾರ್ಚ್ ಮುಗಿಯುತ್ತ ಬಂದರೂ ಹೆಪ್ಪು ಬಿಡದ್ದು.
ಅದಿರು ಹೊರುವ ಹಡಗೊಂದು
ಏರುಸೇತುವೆ ಏಳಲೆಂದು ಕಾದಿತ್ತು.

ಜಾಗ ಎರಡು. ಅರ್ಜಿ ಎಂಬತ್ತಾರು.
ಇವಳು ಐಲಿ ಕೊಸ್ಕೆಲಾ. ನಲವತ್ತು ದಾಟಿರಬೇಕು.
ಹನ್ನೊಂದು ವರ್ಷ ವೃದ್ಧಾಶ್ರಮದಲ್ಲಿ ರಾತ್ರಿಪಾಳಿ.
ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಅನುಭವ,
ಎಂದಿದ್ದ ಕಡೆ ಒಂದು ಅಡ್ಡಗೆರೆ,
ಸ್ಕೇಲು ಇಟ್ಟು ಎಳೆದಷ್ಟು ನೆಟ್ಟಗೆ.

ಹುಚ್ಚು ಬಿಡದೆ ಮದುವೆಯಾಗದು,
ಮದುವೆಯಾಗದೆ ಹುಚ್ಚು ಬಿಡದು.
ಎರಡು ವರ್ಷದ ಅನುಭವ ಕಡ್ಡಾಯ,
ಎಂದು ದಪ್ಪಕ್ಷರದಲ್ಲಿ ಬರೆಸಿದವಳು ನಾನೇ.
(ಎಂಬತ್ತೆಂಟರ ಚಳಿಗಾಲ. ನರ್ಸುಗಳ ಬರ.
ನನ್ನನ್ನು ಮೂಳೆ ವಾರ್ಡಿನಿಂದ ತೋಳು ಹಿಡಿದು
ಎಳೆದು ತಂದಿದ್ದರು ಇಲ್ಲಿಗೆ.
ಯಾರೂ ಏನೂ ಕೇಳಿರಲಿಲ್ಲ.
ಅದನ್ನು ಆ ದಿನ ನಾನು ಬಾಯಿಬಿಡಲಿಲ್ಲ.)

ಮಾನವ ಸಂಪನ್ಮೂಲದ ರಸೆಲ್ ಕೇಳಿದ:
ಐದು ವರ್ಷದ ನಂತರ ಎಲ್ಲಿರುತ್ತೀರಿ?
'ರಾತ್ರಿಪಾಳಿಯಲ್ಲಿ' ಅಂದಳು.
ಅವನು ನಗಲೋ ಬೇಡವೋ ತಿಳಿಯದೆ ಬರೆದುಕೊಂಡ.

ಆಮೇಲೆ ನಾನು, ಇಲ್ಲ ಎಂಬಲ್ಲಿ ಗುರುತು ಹಾಕಿಟ್ಟೇ,
ಕೇಳಿದೆ: ಇಷ್ಟು ಸಣ್ಣದನ್ನು ಎಂದಾದರೂ ಮುಟ್ಟಿದ್ದೀರಾ?

'ಇಲ್ಲ' ಅಂದಳು. ಸುಮ್ಮನಾದಳು. ಆಮೇಲೆ:
'ಮಿಸೆಸ್ ಟೊರ್ವಿನೆನ್ ಅಂತ, ತೊಂಬತ್ತೇಳು.
ಮುಂಗೈ ಚರ್ಮ ಈರುಳ್ಳಿಯ ಒಳಪೊರೆ.
ಪಟ್ಟಿ ಎಳೆದರೆ ಪಟ್ಟಿಯ ಜೊತೆಗೇ ಬಂದುಬಿಡುತ್ತೆ.
ನಾನು ಎಳೆಯಲ್ಲ. ಬೆಚ್ಚಗಿನ ನೀರು ಸವರಿ
ಪಟ್ಟಿಯಿಂದ ಚರ್ಮವನ್ನ ಬಿಡಿಸ್ತೀನಿ,
ಚರ್ಮದಿಂದ ಪಟ್ಟಿಯನ್ನಲ್ಲ.
ಹತ್ತು ನಿಮಿಷ ಹಿಡಿಯುತ್ತೆ.
ಮಾತು ಹೋಗಿ ಮೂರು ವರ್ಷ ಅವರಿಗೆ.
ನೋವು ಅಂದರೆ ಹುಬ್ಬುಗಳ ನಡುವೆ ಒಂದು ಗಂಟು,
ಅಷ್ಟೇ, ಬಂದು ಹೋಗುತ್ತೆ. ಕಾದು ಕೂತರೆ ಕಾಣುತ್ತೆ.'

ಹುಬ್ಬಿನ ಗಂಟು ನಮ್ಮ ಮೊದಲನೇ ದಿನದ ಪಾಠ.
ಪೆನ್ನು ಕೆಳಗಿಟ್ಟೆ.

'ಮಗು, ಮುದುಕಿ ಒಂದೇ ಅಂತ ಹೇಳ್ತಿಲ್ಲ' ಅಂದಳು,
'ನಮ್ಮಲ್ಲಿ ಒಬ್ಬರು ಹೋದರೆ ಹಾಸಿಗೆ ಬದಲಿಸಿ
ಊಟಕ್ಕೆ ಕೂರ್ತೀವಿ.
ಇಲ್ಲಿ ಹಾಗಲ್ಲ ಅಂತ ಗೊತ್ತು.'

ಕೆಲಸ ಅವಳಿಗೆ ಕೊಡಲಿಲ್ಲ.
ಮಿನಿಯಾಪೊಲಿಸಿನಿಂದ ಬಂದ ಇಬ್ಬರಿಗೆ ಕೊಟ್ಟೆವು,
ಐದು ವರ್ಷ, ಏಳು ವರ್ಷ, ಪತ್ರಗಳೆಲ್ಲ ಪಕ್ಕಾ.
ಜೂನಿನಲ್ಲಿ ಒಬ್ಬಳು ಬಿಸಿಲು ಹುಡುಕಿಕೊಂಡು
ಫೀನಿಕ್ಸಿಗೆ ಹೊರಟಳು.
ರಾತ್ರಿ ಎಂಟಕ್ಕೆ ಐಲಿಗೆ ಫೋನು ಮಾಡಿದೆ.
'ಈಗಾಗಲ್ಲ, ಒಬ್ಬರಿಗೆ ತಿನ್ನಿಸ್ತಾ ಇದ್ದೀನಿ'
ಎಂದು ಇಟ್ಟೇಬಿಟ್ಟಳು.
ಮೂವತ್ತು ವರ್ಷದಲ್ಲಿ ನನ್ನ ಫೋನನ್ನು
ಹಾಗೆ ಯಾರೂ ಇಟ್ಟಿರಲಿಲ್ಲ.
ಬೆಳಗ್ಗೆ ಏಳರವರೆಗೆ ಕಾದೆ.

ಮೊದಲ ರಾತ್ರಿ. ಗಾಜಿನ ಗೂಡಿನಲ್ಲಿ
ಏಳುನೂರ ನಲವತ್ತು ಗ್ರಾಮಿನ ಹುಡುಗಿ.
ತೊಡೆ ನನ್ನ ಹೆಬ್ಬೆರಳಿನಷ್ಟು.
ಹನ್ನೊಂದು ವರ್ಷದ ಕೈ ಕಿಂಡಿಯೊಳಗೆ ಹೋಗಿ
ಗಡಗಡ ನಡುಗಿತು, ಹೊರಗೆ ಬಂತು,
ತೊಳೆದುಕೊಂಡು ಮತ್ತೆ ಹೋಯಿತು.
ಮೂರು ಸಲ. ನಾನು ಎಣಿಸಿದೆ,
ಆದರೆ ಎಣಿಸಿದ್ದು ಕಾಣದ ಹಾಗೆ
ಮಾನಿಟರು ನೋಡುತ್ತ ನಿಂತೆ.

ತೆಗೆದ ಡೈಪರನ್ನು ತಕ್ಕಡಿಗಿಟ್ಟಳು.
ಕರವಸ್ತ್ರದಷ್ಟೂ ಇಲ್ಲ ಅದು.
ಬಟ್ಟೆಯ ತೂಕ ಕಳೆದರೆ ಉಳಿದದ್ದು ಎಂಟು ಗ್ರಾಂ,
ನಾಲ್ಕು ಗಂಟೆಯಲ್ಲಿ.

'ಎಂಟು ಒಳ್ಳೆಯದಾ?'

ಒಳ್ಳೆಯದು ಅಂದೆ, ಈ ರಾತ್ರಿಗೆ.

'ಬರೀಲಾ?'

ಬರಿ.